ಸಂಸದರೇ, ನಮ್ಮ ಹುಡುಗರ ತಲೆಗೆ ಸರಿಯಾದ ಹೆಲ್ಮೆಟ್ ಕೊಡಿಸಿ

ನಮ್ಮ ಕ್ಷೇತ್ರದ ಮಾನ್ಯ ಸಂಸದರಿಗೆ ನಿವೃತ್ತ ಹವಾಲ್ದಾರನೊಬ್ಬನ ನಮಸ್ಕಾರ.

ಕಾಗದ ಬರೆದೂ ಬರೆದೂ ಸಾಕಾಗಿದೆ. ಅದಕ್ಕೇ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಡಿಕೆ ಒಂದೇ. ಬಂದೂಕು ಹಿಡಿದು ಡ್ಯೂಟಿಗೆ ಹೋಗುವ ಪ್ರತಿ ಜವಾನನಿಗೂ ಅವನ ತಲೆಯ ಅಳತೆಗೆ ಕೂರುವ, ಅವಧಿ ಮುಗಿಯದ ಫೈಬರ್ ಹೆಲ್ಮೆಟ್ ಬೇಕು, ಅಂದರೆ ಗಟ್ಟಿ ನಾರಿನ ಪದರಗಳಿಂದ ಮಾಡಿದ್ದು. ಅವಧಿ ಮುಗಿದದ್ದನ್ನು ಬದಲಿಸಬೇಕು.

ಕಾಶ್ಮೀರದಲ್ಲಿ ನಾವು ಕಟ್ಟುತ್ತಿದ್ದದ್ದು ಪಟ್ಕಾ, ಅಂದರೆ ತಲೆ ಸುತ್ತ ಕಟ್ಟುವ ಉಕ್ಕಿನ ಪಟ್ಟಿಯಂಥ ಹೆಲ್ಮೆಟ್. ಹತ್ತಿರ ಹತ್ತಿರ ಎರಡೂವರೆ ಕೆ.ಜಿ. ಹಣೆಗೆ ಉಕ್ಕು, ಹಿಂದಲೆಗೆ ಉಕ್ಕು, ನೆತ್ತಿ ಮಾತ್ರ ಖಾಲಿ. ಎಕೆ-47 ಗುಂಡು ತಡೆಯುತ್ತದೆ, ನಿಜ. ಆದರೆ ಗ್ರೆನೇಡಿನ ಚೂರು ಹಣೆಯನ್ನೇ ಹುಡುಕಿಕೊಂಡು ಬರುತ್ತದಾ? ಇವತ್ತಿಗೂ ನನಗೆ ಕತ್ತು ಎಡಕ್ಕೆ ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕು.

ಅಮೆರಿಕದ ಸೈನ್ಯ 1980ರ ದಶಕದಲ್ಲೇ ಉಕ್ಕು ಬಿಟ್ಟು ಕೆವ್ಲಾರ್ ಅನ್ನುವ ಫೈಬರಿನ ಹೆಲ್ಮೆಟ್ ಹಾಕಿಕೊಂಡಿತು. ಚೂರುಗಳನ್ನು ಅದು ಹಳೇ ಉಕ್ಕಿನ ಟೋಪಿಗಿಂತ ಚೆನ್ನಾಗಿ ತಡೆಯುತ್ತದೆ, ಕಿವಿಯ ಕಡೆಗೂ ಇಳಿಯುತ್ತದೆ. ರೈಫಲ್ ಗುಂಡಿನೆದುರು ಸಾಮಾನ್ಯ ಫೈಬರ್ ನಿಲ್ಲುವುದು ಕಷ್ಟ, ಅದು 9 ಎಂ.ಎಂ. ಪಿಸ್ತೂಲಿನ ಲೆಕ್ಕದ್ದು. ಇರಲಿ, ನೆತ್ತಿಯಾದರೂ ಮುಚ್ಚುತ್ತದಲ್ವಾ? ನಮ್ಮ ಸೈನ್ಯ ಕಾನ್ಪುರದ ಕಂಪನಿಗೆ 1.58 ಲಕ್ಷ ಹೆಲ್ಮೆಟ್ಟಿಗೆ ಆರ್ಡರ್ ಕೊಟ್ಟಿದ್ದನ್ನು ಪೇಪರಿನಲ್ಲಿ ಓದಿ ಖುಷಿಪಟ್ಟವನು ನಾನು.

ಈಗ ನನ್ನ ಮಗನ ಕತೆ ಕೇಳಿ. ಅವನೂ ಸಮವಸ್ತ್ರದಲ್ಲೇ ಇದ್ದಾನೆ. ಯಾವ ಪಡೆ ಅಂತ ಬರೆದರೆ ಅವನಿಗೇ ತೊಂದರೆ. ದೊಡ್ಡ ಸಾಹೇಬರು ತಪಾಸಣೆಗೆ ಬಂದ ದಿನ ಎಲ್ಲರಿಗೂ ಹೊಸ ಹೆಲ್ಮೆಟ್. ಫೋಟೋ ಆಯ್ತು, ಚಹಾ ಆಯ್ತು, ಸಂಜೆ ಎಣಿಸಿ ವಾಪಸ್ ಸ್ಟೋರಿಗೆ! ಮರುದಿನ ಅವನ ಕೈಗೆ ಬಂದದ್ದು ಹಿಂದಿನ ಪಾಳಿಯವನ ಬೆವರು ಆರದ ಹಳೇ ಹೆಲ್ಮೆಟ್. ಗದ್ದದ ಪಟ್ಟಿ ಕಿತ್ತುಹೋಗಿ ಬೂಟಿನ ಲೇಸು ಕಟ್ಟಿದ್ದಾರೆ. ಓಡಿದರೆ ಕಣ್ಣಿನ ಮೇಲೆ ಇಳಿಯುತ್ತದಂತೆ. ಒಳಗಿನ ಚೀಟಿಯ ತಾರೀಕು ಅಳಿಸಿಹೋಗಿದೆ. ಉಕ್ಕಾದರೆ ಪೆಟ್ಟು ಬಿದ್ದದ್ದು ನೆಗ್ಗಿ ಕಾಣುತ್ತದೆ. ಫೈಬರ್ ಒಳಗೊಳಗೇ ಪದರ ಬಿಟ್ಟಿದ್ದರೆ ಮೇಲಿನ ಬಣ್ಣ ನೋಡಿ ಗೊತ್ತಾಗುತ್ತಾ ಸ್ವಾಮಿ?

ಹೊಸದನ್ನು ಯಾರಿಗೆ ಅಂತ ಇಟ್ಟಿದ್ದಾರೆ? ಸ್ಟೋರಿನ ಇಲಿಗಳಿಗಾ? ಅವಕ್ಕೆ ಪಾಪ ಯಾರೂ ಗುಂಡು ಹೊಡೆಯುವುದಿಲ್ಲ.

ಮುಂದಿನ ಅಧಿವೇಶನದಲ್ಲಿ ಕೇಳಿ: ಎಷ್ಟು ಹೆಲ್ಮೆಟ್ ಜವಾನರ ತಲೆ ಮೇಲಿವೆ, ಎಷ್ಟು ಬೀಗದೊಳಗಿವೆ? ಪ್ರತಿ ಜವಾನನಿಗೂ ಅವನದೇ ಅಳತೆಯ, ತಾರೀಕು ಓದಲು ಬರುವ ಹೆಲ್ಮೆಟ್ ಕೊಡಿಸಿ. ಮತ್ತೆ ಹೇಳುತ್ತೇನೆ, ಪ್ರತಿ ಜವಾನನಿಗೂ. ಡ್ಯೂಟಿಗೆ ಕೊಡಿಸಿ, ಫೋಟೋಗೆ ಬೇಡ.

ಇಂತಿ,
ನಿಮ್ಮ ಮತದಾರ