ಮೊದಲನೇ ಎರರ್ ಹಿಡಿ, ಉಳಿದದ್ದು ಆಮೇಲೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಕಂಪೈಲ್ ಮಾಡಿದರೆ ಸ್ಕ್ರೀನ್ ತುಂಬ ಎರರ್, ನೋಡಿದರೆ ಕೈಕಾಲೇ ಆಡುವುದಿಲ್ಲ ಅಂತ ಬರೆದಿದ್ದೀಯ. ಅಷ್ಟೂ ತಪ್ಪು ನೀನು ಮಾಡಿರಲಿಕ್ಕಿಲ್ಲ ಕಣೇ. ಎಲ್ಲೋ ಒಂದು ಬ್ರಾಕೆಟ್ ಬಿಟ್ಟುಹೋದರೂ ಸಾಕು, ಕೋಡ್ ಓದಿ ಅದರ ರಚನೆ ಗುರುತಿಸುವ ಪಾರ್ಸರ್ ದಾರಿ ತಪ್ಪುತ್ತದೆ. ಸ್ವಲ್ಪ ಮುಂದೆ ಸಾವರಿಸಿಕೊಂಡು ಮತ್ತೆ ಓದಲು ಹೊರಟಾಗ, ಸರಿಯಾಗಿರುವ ಸಾಲುಗಳೂ ಅದಕ್ಕೆ ತಪ್ಪಾಗಿಯೇ ಕಾಣುತ್ತವೆ. ಅದಕ್ಕೇ ಮೇಲಕ್ಕೆ ಸ್ಕ್ರೋಲ್ ಮಾಡಿ ಮೊದಲನೇ ಎರರ್ ಒಂದನ್ನು ಸರಿಪಡಿಸು, ಮತ್ತೆ ಕಂಪೈಲ್ ಮಾಡು. ಎಷ್ಟೋ ಸಲ ಉಳಿದವು ತಾವಾಗಿಯೇ ಹೋಗಿರುತ್ತವೆ.

ಲೈನ್ ನಂಬರನ್ನು ಕಣ್ಣುಮುಚ್ಚಿ ನಂಬಬೇಡ. ಕಂಪೈಲರ್ ಹೇಳುವುದು ತನಗೆ ಎಲ್ಲಿ ಮುಂದೆ ಹೋಗಲಾಗಲಿಲ್ಲ ಎಂಬುದನ್ನು. ನೀನು ಎಡವಿದ್ದು ಅದಕ್ಕಿಂತ ಮುಂಚೆಯೇ ಇರಬಹುದು. ಸಿ ಪ್ರೋಗ್ರಾಮಿನ 11ನೇ ಸಾಲಿನ ಕೊನೆಗೆ ಸೆಮಿಕೋಲನ್ ಮರೆತು, 12ನೇ ಸಾಲಿನಲ್ಲಿ ರಿಟರ್ನ್ ಬರೆದಿದ್ದೀಯ ಅಂದುಕೋ. ಹೊಸ ಸಾಲು ಶುರುವಾಯಿತು ಅನ್ನುವುದು ಕಂಪೈಲರ್‌ಗೆ ಲೆಕ್ಕಕ್ಕೇ ಇಲ್ಲ. ರಿಟರ್ನ್ ಎದುರಾದಾಗಲೇ ಅದಕ್ಕೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುವುದು. ಸಿ ಭಾಷೆಯ ಕಂಪೈಲರ್ ಆದ ಜಿಸಿಸಿಯ ಹಳೆಯ ಆವೃತ್ತಿ ಹೀಗೇ 12ನೇ ಸಾಲಿನತ್ತ ಬೆರಳು ತೋರಿಸುತ್ತಿತ್ತು, ಪಾಪ ಅಲ್ಲಿ ಏನೂ ಇರುತ್ತಿರಲಿಲ್ಲ. ಪೈಥಾನ್‌ನಲ್ಲೂ ಮುಚ್ಚದ ಬ್ರಾಕೆಟ್‌ಗೆ ಮುಂದಿನ ಸಾಲಿನ ಮೇಲೆ ಬರೀ 'ಇನ್‌ವ್ಯಾಲಿಡ್ ಸಿಂಟ್ಯಾಕ್ಸ್' ಅಂತ ಬರುತ್ತಿತ್ತು, 2021ರ 3.10 ಆವೃತ್ತಿಯಿಂದ, ತೆರೆದ ಬ್ರಾಕೆಟನ್ನೇ ತೋರಿಸಿ 'ಇದನ್ನು ಮುಚ್ಚಲೇ ಇಲ್ಲ' ಅನ್ನುತ್ತದೆ.

ಇನ್ನು 'ಎಕ್ಸ್‌ಪೆಕ್ಟೆಡ್ ಇದು, ಫೌಂಡ್ ಅದು' ಅಂತ ಬಂದಾಗ ನಿಧಾನಿಸು. ಮೊದಲನೆಯದು ನೀನೇ ಬೇರೆಲ್ಲೋ ಕೊಟ್ಟ ಮಾತು, ಎರಡನೆಯದು ಇಲ್ಲಿ ಬರೆದದ್ದು. ಎರಡೂ ಹೊಂದುತ್ತಿಲ್ಲ ಅನ್ನುವುದಷ್ಟೇ ಕಂಪೈಲರ್‌ಗೆ ಗೊತ್ತು, ಯಾವುದು ತಪ್ಪು ಅನ್ನುವುದು ಗೊತ್ತಿಲ್ಲ. ಫಂಕ್ಷನ್ ಪೂರ್ಣಾಂಕ ಕೊಡುತ್ತದೆ ಅಂತ ಘೋಷಿಸಿ ಸ್ಟ್ರಿಂಗ್ (ಅಕ್ಷರಗಳ ಸಾಲು) ವಾಪಸ್ ಮಾಡಿದರೆ ಅದು ಬಯ್ಯುವುದು ರಿಟರ್ನ್ ಸಾಲನ್ನು. ನಿಜವಾಗಿ ಬದಲಾಗಬೇಕಾದದ್ದು ಮೇಲಿನ ಘೋಷಣೆಯೇ ಇದ್ದೀತು.

ರಸ್ಟ್ ಭಾಷೆಯ ಕಂಪೈಲರ್ ಎರರ್ ಕೆಳಗೆ 'ಹೆಲ್ಪ್' ಅಂತ ಸಲಹೆಯನ್ನೂ ಕೊಡುತ್ತದೆ. ಹೆಸರಿನ ಸ್ಪೆಲ್ಲಿಂಗ್ ತಿದ್ದು ಅಂದರೆ ಸಾಮಾನ್ಯವಾಗಿ ಒಪ್ಪಿಕೊಳ್ಳಬಹುದು. ಕ್ಲೋನ್ (ಡೇಟಾದ ನಕಲು) ಮಾಡು ಅಂದರೆ ಮಾತ್ರ, ಈ ಡೇಟಾ ಯಾರ ಸ್ವತ್ತಾಗಿರಬೇಕು ಅಂತ ಯೋಚಿಸದೆ ಒಪ್ಪಬೇಡ. ಎರರ್ ಕೋಡ್ ಇದ್ದರೆ, ಅದನ್ನು ಅದೇ ಕಂಪೈಲರಿನ ರಸ್ಟ್‌ಸಿ ಕಮ್ಯಾಂಡಿಗೆ ಎಕ್ಸ್‌ಪ್ಲೇನ್ ಆಯ್ಕೆಯ ಜೊತೆ ಕೊಟ್ಟು ನೋಡು, ಉದಾಹರಣೆ ಸಮೇತ ವಿವರಣೆ ಸಿಗುತ್ತದೆ.

'ಅನ್‌ಡಿಫೈನ್ಡ್ ರೆಫರೆನ್ಸ್' ಬಂದರೆ ಅದು ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್‌ನ ದೂರು. ಸಿಂಟ್ಯಾಕ್ಸ್ ತಡಕಾಡುತ್ತ ಕೂರದೆ ಯಾವ ಫೈಲ್ ಅಥವಾ ಲೈಬ್ರರಿ ಸೇರಿಲ್ಲ ನೋಡು.

ಇದೆಲ್ಲ ನಿನಗೊಬ್ಬಳಿಗೇ ಕಷ್ಟ ಅಂದುಕೊಳ್ಳಬೇಡ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಾವಾ ಬರೆಯುವವರ ಕಣ್ಣಿನ ಚಲನೆಯನ್ನೇ ಅಳೆದು ನೋಡಿದರು. ಎರರ್ ಮೆಸೇಜ್ ಓದುವುದು ಕೋಡ್ ಓದುವಷ್ಟೇ ಕಷ್ಟ ಅಂತ ಕಂಡುಬಂತು.

ಮುಂದಿನ ಸಲ ನನಗೆ ಕಳಿಸುವಾಗ ಕೊನೆಯ ಎರಡು ಸಾಲಿನ ಸ್ಕ್ರೀನ್‌ಶಾಟ್ ಬೇಡಮ್ಮ. ಮೊದಲಿಂದ ಪೂರ್ತಿ ಮೆಸೇಜ್ ಕಾಪಿ ಮಾಡಿ ಕಳಿಸು, ಜೊತೆಗೆ ನಿನಗೆ ಏನು ಅನ್ನಿಸಿತು ಅನ್ನುವುದನ್ನೂ ಬರೆ.

ಇಂತಿ,
ನಿನ್ನ ಮಾವ