ನೀರಗಂಟಿ ಕಾಕಾಗೆ, ಮತ್ತು ಉಳಿದ ಎಲ್ಲರಿಗೂ

ಎಲ್ಲರಿಗೂ ಕರ್ತನ ಹೆಸರಲ್ಲಿ ವಂದನೆ. ನಮ್ಮ ಚರ್ಚ್ ಅಂಗಳದ ನಲ್ಲಿಗೆ ಈ ಭಾನುವಾರ ಒಂದು ವರ್ಷ ತುಂಬುತ್ತದೆ. ಬೇಸಿಗೆಯಲ್ಲೂ ನೀರು ನಿಂತಿಲ್ಲ. ಯಾದಗಿರಿಯ ಬೇಸಿಗೆ ಕಂಡವರಿಗೆ ಇಷ್ಟು ಹೇಳಿದರೆ ಸಾಕು.

ಖರ್ಚು, ಓಡಾಟ ಎಲ್ಲ ನಿಮಗೆ ಗೊತ್ತೇ ಇದೆ. ಸುಗ್ಗಿ ಕಾಣಿಕೆಗೆ ತೊಗರಿ ಚೀಲ ಹೊತ್ತು ತಂದವರು, ಪುಣೆಯಿಂದ ಕೂಲಿ ದುಡ್ಡು ಕಳಿಸಿದ ಹುಡುಗರು, ಪೈಪ್ ಎಳೆದವರು, ಹೂಳು ಹೊತ್ತ ಹೆಣ್ಣುಮಕ್ಕಳು, ಪಂಚಾಯಿತಿಯವರು, ಸಭಾಪಾಲಕರು, ಎಲ್ಲರಿಗೂ ಧನ್ಯವಾದ. ಒಂದೇ ಸಾಲಲ್ಲಿ ಮುಗಿಸಿದ ಅಂತ ಬೇಜಾರಾಗಬೇಡಿ. ಉಳಿದ ಜಾಗ ನೀರಗಂಟಿ ಕಾಕಾಗೆ ಬೇಕು.

ಬೋರ್ ಕೊರೆಸಿದ ರಾತ್ರಿ ನೆನಪಿದೆಯಾ? ಕೈಪಂಪಿನ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿತ್ತು. ಮಕ್ಕಳ ಹಲ್ಲು ಕಂದು, ದೊಡ್ಡವರ ಮೊಣಕಾಲು ಬಿಗಿ. ಅವ್ವಂದಿರು ಪಾಪ, ಕಾಸಿ ಸೋಸಿ ಕೊಡುತ್ತಿದ್ದರು. ಕಾಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಜಾಸ್ತಿಯೇ ಆಗುತ್ತದೆ. ಅದಕ್ಕೇ ಹೊಸ ಬೋರ್ ಅಂತ ಹೊರಟೆವು. ತಮಿಳುನಾಡಿನ ತಿರುಚೆಂಗೋಡಿನಿಂದ ಬೋರ್ ಕೊರೆಯುವ ಗಾಡಿ ಬಂತು. ಸಂಜೆಯಿಂದ ಬರೀ ಒಣ ಕಲ್ಲಿನ ಹಿಟ್ಟು. ಅಡಿ ಲೆಕ್ಕದಲ್ಲಿ ದುಡ್ಡು ಹೋಗುತ್ತಿತ್ತು. ಮಧ್ಯರಾತ್ರಿಗೆ ಒಬ್ಬೊಬ್ಬರೇ ಎದ್ದು ಹೋದರು. ಬೆಳಗ್ಗೆ ಕೂಲಿಗೆ ಹೋಗಬೇಕಲ್ಲ, ತಪ್ಪೇನಿಲ್ಲ. ಉಳಿದದ್ದು ನಾನು, ಕಾಕಾ.

ಕಾಕಾ ನಮ್ಮ ಸಭೆಯವರಲ್ಲ. ಹಣೆಗೆ ವಿಭೂತಿ ಇಲ್ಲದೆ ಮನೆ ಬಿಟ್ಟು ಹೊರಗೆ ಬರುವವರಲ್ಲ. ಅವತ್ತು ಅವರನ್ನು ಯಾರೂ ಕರೆದಿರಲಿಲ್ಲ. ಟವಲ್ ಹಾಸಿ ಕೂತರು. ಕೊನೆಗೆ ತಮಿಳು ಡ್ರೈವರಿಗೆ ಕೈಸನ್ನೆಯಲ್ಲೇ ನಿಲ್ಲಿಸು ಅಂದರು. "ಕೆಳಗ ಹೋದಂಗ ಹಳೇ ನೀರು ತಮ್ಮಾ. ಕಲ್ಲಿನ ವಿಷ ಕುಡಿದು ಕುಂತಿರ್ತದ. ಸಿಕ್ಕರೂ ಏನ್ ಮಾಡ್ತಿ?"

ನನಗೆ ಸಿಟ್ಟು ಬಂದಿತ್ತು. ದೇವರ ಮೇಲೆಯೇ. ಬಾಯಾರಿದವರಿಗೆ ಕೊಟ್ಟ ನೀರು ನನಗೇ ಕೊಟ್ಟಂತೆ ಅಂತ ಮತ್ತಾಯ 25ರಲ್ಲಿ ಹೇಳಿದವನು ನೀನೇ ಅಲ್ವಾ? ಕೊಡೋಣ ಅಂತ ಬಂದರೆ ಹಿಟ್ಟು ಕೊಡ್ತೀಯಲ್ಲ! ಜೋರಾಗಿಯೇ ಅಂದೆ ಅನ್ನಿಸುತ್ತೆ. ಅಳು ತಡೆಯಲಿಲ್ಲ. ಕಾಕಾ ಸಮಾಧಾನ ಹೇಳಲಿಲ್ಲ. ಚೀಲದಿಂದ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಮುಂದಿಟ್ಟರು.

ಬೆಳಕು ಹರಿಯುವ ಮೊದಲೇ ಕೆರೆಯ ಕೆಳಗಿನ ಹಳೇ ಬಾವಿಗೆ ಕರೆದುಕೊಂಡು ಹೋದರು. ಹೂಳು ತುಂಬಿ, ಜಾಲಿ ಬೆಳೆದ ಬಾವಿ. ಇದು ಕೆರೆಯಿಂದ ಜಿನುಗುವ ಮೇಲಿನ ನೀರು, ಒಮ್ಮೆ ಪರೀಕ್ಷೆ ಮಾಡಿಸು ಅಂದರು. ನನಗೆ ಕಟ್ಟೆ ಹತ್ತಲು ಕಾಲು ಏಳಲಿಲ್ಲ. ನಮ್ಮಜ್ಜಿ ಆ ಕಟ್ಟೆ ಮುಟ್ಟುವ ಹಾಗಿರಲಿಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಹೊಯ್ಯಲಿ ಅಂತ ಬಿಸಿಲಲ್ಲಿ ಕಾಯುತ್ತಿದ್ದಳು. ಯೋಹಾನ 4ರ ಸಮಾರ್ಯದ ಹೆಣ್ಣುಮಗಳ ಪಾಠ ಓದಿದ ಭಾನುವಾರ ಅಜ್ಜಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಲ್ಲೂ ಒಂದು ಬಾವಿ, ನಡುಮಧ್ಯಾಹ್ನ, ಹತ್ತಿರ ಸೇರಿಸದ ಜನ.

ಕಾಕಾಗೆ ಇದೆಲ್ಲ ಗೊತ್ತು. "ನಮ್ಮವ್ವನೂ ಹೊಯ್ತಿದ್ಲು," ಅಂದರು. "ಮ್ಯಾಲಿಂದ." ಆಮೇಲೆ ಕಟ್ಟೆ ಹತ್ತಿ ನಿಂತು ನನಗೆ ಕೈ ಕೊಟ್ಟರು.

ಮುಂದಿನದು ನಿಮ್ಮ ಕಣ್ಣೆದುರೇ ಆಗಿದ್ದು. ರಿಪೋರ್ಟಲ್ಲಿ ಫ್ಲೋರೈಡ್ ಮಿತಿಯೊಳಗೆ ಬಂತು. ಹೂಳು ತೆಗೆದೆವು, ಬಾವಿ ಬಾಯಿಗೆ ಜಾಲರಿ ಹಾಕಿದೆವು, ಮರಳಿನ ಫಿಲ್ಟರ್ ಕಟ್ಟಿದೆವು. ನಲ್ಲಿ ನೀರಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು. ಅದನ್ನು ಕಾಕಾ ದಿನಾ ಬೆಳಿಗ್ಗೆ ತಾವೇ ನೋಡುತ್ತಾರೆ. ವಾಸನೆ ಅಂತ ಗೊಣಗಿದವರಿಗೆ ಬೈಗುಳ ಗ್ಯಾರಂಟಿ. ನನಗೂ ಸಿಕ್ಕಿದೆ.

ಭಾನುವಾರ ಶಾಲು ಹೊದಿಸುತ್ತೇವೆ ಅಂದರೆ ಬೇಡ ಅಂದರು. ರಾಟೆ ಸವೆದಿದೆಯಂತೆ, ಬಾವಿಗೆ ಇಳಿಯಲು ಗಟ್ಟಿ ಹಗ್ಗ ಬೇಕಂತೆ. ಶಾಲಿಗೆ ಅಂತ ಎತ್ತಿಟ್ಟ ದುಡ್ಡು ಅದಕ್ಕೇ ಹೋಗಲಿ, ಕಡಿಮೆ ಬಿದ್ದರೆ ನಾನು ಕೇಳುತ್ತೇನೆ. ಆರಾಧನೆ ಮುಗಿದ ಮೇಲೆ ಬಾವಿ ತೊಳೆಯುವುದಿದೆ. ಬರುವವರು ಹಳೇ ಬಟ್ಟೆ ಹಾಕಿಕೊಂಡು ಬನ್ನಿ.