ಭೂತಾನಿನ ರಾಜ ಮತ್ತು 1958ರ ರಸೀದಿ

ಸಂಪಾದಕರಿಗೆ,

ಕಳೆದ ಭಾನುವಾರ ಈ ಅಂಕಣದಲ್ಲಿ ಓದುಗರೊಬ್ಬರು, ತಾವಾಗಿ ಸಿಂಹಾಸನ ಬಿಟ್ಟ ಭೂತಾನಿನ ನಾಲ್ಕನೆಯ ರಾಜರನ್ನು ಜನಕ ಮಹಾರಾಜನಿಗೆ ಹೋಲಿಸಿ ಬರೆದಿದ್ದಾರೆ. ಅದರ ಬಗ್ಗೆ ಎರಡು ಮಾತು ಹೇಳುವ ಮೊದಲು ನನ್ನದೇ ಒಂದು ಹಳೆಯ ಬಾಕಿ ತೀರಿಸಬೇಕು.

2022ರ ಅಕ್ಟೋಬರ್‌ನಲ್ಲಿ ನನ್ನದೂ ಒಂದು ಪತ್ರ ಇಲ್ಲಿ ಅಚ್ಚಾಗಿತ್ತು. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗದ ಮಾಲು ತರಿಸುವಂತಿಲ್ಲ ಎಂಬ) ಷರತ್ತಿಲ್ಲದೆ ತರಿಸಿಕೊಳ್ಳಲು ಕೇಂದ್ರ ಸರ್ಕಾರ ಆಗಷ್ಟೇ ಒಪ್ಪಿತ್ತು. ಇತ್ತ ನಮ್ಮ ತೋಟಗಳಲ್ಲಿ ಎಲೆಚುಕ್ಕಿ ರೋಗ. ಆ ಸಿಟ್ಟಿಗೆ, ‘ಸಂತೋಷವನ್ನು ಅಳೆಯುವ ದೇಶ ನಮ್ಮ ಕಣ್ಣೀರನ್ನೂ ಅಳೆಯಲಿ’ ಎಂದು ಬರೆದಿದ್ದೆ. ಮಂಡಿಯಲ್ಲಿ ನಾಲ್ಕು ಜನ ಬೆನ್ನು ತಟ್ಟಿದರು. ಭೂತಾನ್ ಎಲ್ಲಿದೆ ಎಂದು ಮೊಮ್ಮಗಳ ಅಟ್ಲಾಸ್ ತೆರೆದು ನೋಡಿದ್ದು ಪತ್ರ ಪ್ರಕಟವಾದ ಮೇಲೆ.

ಲೆಕ್ಕ ಹಾಕಿದ್ದೂ ಆಮೇಲೆಯೇ. ಒಂದು ಕ್ವಿಂಟಲ್ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದರೆ ನಮ್ಮಲ್ಲಿ ಕೈಗೆ ಸಿಗುವುದು ಹನ್ನೆರಡು ಹದಿಮೂರು ಕಿಲೊ. ಆ ಲೆಕ್ಕದಲ್ಲಿ 17,000 ಟನ್ ಎಂದರೆ ಒಣ ಅಡಿಕೆ ಎರಡು ಸಾವಿರ ಟನ್ನಿನ ಆಸುಪಾಸು. ದೇಶದ ಒಟ್ಟು ಬೆಳೆಯ ಮುಂದೆ ಇದು ಗೋಣಿಚೀಲದ ತಳದಲ್ಲಿ ಉಳಿಯುವ ಪುಡಿ. ಬೇರೆ ದೇಶದ ಅಡಿಕೆ ಭೂತಾನಿನ ಹೆಸರು ಹೊತ್ತು ಬಂದೀತೆಂಬ ಬೆಳೆಗಾರರ ಭಯ ಬೇರೆ ಮಾತು, ಆ ಭಯ ನನಗೆ ಈಗಲೂ ಇದೆ. ಆದರೆ ನಾನು ಬೈದಿದ್ದು ಕಳ್ಳಸಾಗಣೆದಾರರನ್ನಲ್ಲ, ಒಂದು ದೇಶವನ್ನು ಮತ್ತು ಅದರ ರಾಜನನ್ನು.

ಕಳೆದ ಏಪ್ರಿಲ್‌ನಲ್ಲಿ, ಕೊಯ್ಲು ಸುಲಿತವೆಲ್ಲ ಮುಗಿದು ಮಳೆಗಾಲ ಇನ್ನೂ ದೂರವಿದ್ದಾಗ, ಬೆಂಗಳೂರಿನ ಮಗಳು ನನ್ನನ್ನೂ ನನ್ನ ಹೆಂಡತಿಯನ್ನೂ ಹಟ ಹಿಡಿದು ಅಲ್ಲಿಗೆ ಕಳಿಸಿದಳು. ಪಾಸ್‌ಪೋರ್ಟ್ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಸಾಕು. ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ. ಆರು ರಾತ್ರಿಗೆ ಇಬ್ಬರಿಂದ 14,400 ರೂಪಾಯಿ ಎಣಿಸಿ ಕೊಡುವಾಗ ನನ್ನ ಹಳೆಯ ಪತ್ರದ ಒಂದೊಂದು ಸಾಲೂ ನ್ಯಾಯವೆನ್ನಿಸಿತು.

ಆ ಸಿಟ್ಟು ರಾಜಧಾನಿ ಥಿಂಪುವಿನ ದಾರಿಯಲ್ಲೇ ಇಳಿಯಿತು. ನಮ್ಮ ಕಾರಿನ ಚಾಲಕ ತೊಟ್ಟಿದ್ದು ‘ಘೋ’ ಎಂಬ ನಿಲುವಂಗಿ. ಸೊಂಟದ ಮೇಲೆ ಅದು ದೊಡ್ಡ ಜೇಬಿನಂತೆ ಮಡಿಕೆಯಾಗುತ್ತದೆ. ಚುಖಾ ವಿದ್ಯುದಾಗಾರದ ಹತ್ತಿರ ಗಾಡಿ ನಿಲ್ಲಿಸಿದವನು ಆ ಮಡಿಕೆಗೆ ಕೈ ಹಾಕಿ ಎಲೆಯಲ್ಲಿ ಸುತ್ತಿದ ಅಡಿಕೆ ತೆಗೆದು ನನಗೊಂದು ಕೊಟ್ಟ. ಅಲ್ಲಿ ಅದಕ್ಕೆ ‘ದೋಮಾ’ ಎನ್ನುತ್ತಾರೆ. ಹಸಿ ಅಡಿಕೆ, ಸುಣ್ಣ ದಂಡಿಯಾಗಿ. ಮೂಗಿನ ಹತ್ತಿರ ಹಿಡಿದರೆ ನನ್ನ ಅಜ್ಜಿಯ ನೀರಡಿಕೆಯ ಮಡಕೆ ಮುಚ್ಚಳ ತೆಗೆದಂತೆ ವಾಸನೆ! ಹೆಂಡತಿ ಕಿಟಕಿ ಗಾಜು ಇಳಿಸಿದಳು. ನಾನು ಜಗಿದೆ. ಎರಡು ನಿಮಿಷದಲ್ಲಿ ಕಿವಿ ಬಿಸಿಯಾಗಿ ಹಣೆ ಬೆವರಿತು. ‘ಭೂತಾನಿನವರಿಗೆ ಅಡಿಕೆಯೆಂದರೆ ಏನು ಗೊತ್ತು’ ಎಂದೂ ಆ ಪತ್ರದಲ್ಲಿ ಬರೆದಿದ್ದೆ, ಆ ಸಾಲನ್ನು ಅಲ್ಲೇ ನುಂಗಿಕೊಂಡೆ. ಥಿಂಪುವಿನ ಗೋಡೆ ಮೂಲೆಗಳಲ್ಲಿ ಬೆರಳಿನ ಸುಣ್ಣ ಒರೆಸಿದ ಬಿಳಿ ಗೆರೆ, ಕೆಳಗೆ ಕೆಂಪು. ನಮ್ಮ ಬಸ್ ನಿಲ್ದಾಣದ ಕಂಬಗಳ ನೆನಪಾಯಿತು.

ಇನ್ನು ರಾಜರ ಮಾತು. ಅಂಗಡಿ ಅಂಗಡಿಯಲ್ಲಿ ಅವರ ಚಿತ್ರವಿದೆ. ನಾಲ್ಕನೆಯ ರಾಜ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ 1972ರಲ್ಲಿ ಪಟ್ಟಕ್ಕೆ ಬಂದಾಗ ಹದಿನಾರರ ಹುಡುಗ. ದೇಶದ ಏಳಿಗೆಯನ್ನು ದುಡ್ಡಿನಿಂದಲ್ಲ, ಜನರ ಸಂತೋಷದಿಂದ ಅಳೆಯಬೇಕೆಂಬ ‘ಒಟ್ಟು ರಾಷ್ಟ್ರೀಯ ಸಂತೋಷ’ದ ಮಾತು ಅವರದೇ. 2003ರಲ್ಲಿ ತಮ್ಮ ಕಾಡಿನಲ್ಲಿ ಬೀಡುಬಿಟ್ಟಿದ್ದ ಅಸ್ಸಾಮಿನ ಉಗ್ರರನ್ನು ಅಟ್ಟಲು ಸೈನ್ಯದ ಮುಂದೆ ನಿಂತರು. 2006ರ ಡಿಸೆಂಬರ್‌ನಲ್ಲಿ, ಯಾರೂ ಕೇಳದಿದ್ದರೂ, ಸಿಂಹಾಸನವನ್ನು ಮಗನಿಗೆ ಬಿಟ್ಟುಕೊಟ್ಟರು. 2008ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಚುನಾವಣೆ ಬೇಡವೆಂದು ತನ್ನ ತಾಯಿ ಅತ್ತಿದ್ದಳೆಂದು ಚಾಲಕ ಹೇಳಿದ. ಅದೇ ವರ್ಷದ ಸಂವಿಧಾನದ ಪ್ರಕಾರ ರಾಜ 65 ತುಂಬಿದಾಗ ಪೀಠ ಬಿಡಬೇಕು, ದೇಶದ ನೂರರಲ್ಲಿ ಅರವತ್ತು ಪಾಲು ಎಂದೆಂದಿಗೂ ಕಾಡಾಗಿರಬೇಕು. ನಾಲ್ವರು ಅಕ್ಕತಂಗಿಯರನ್ನು ಮದುವೆಯಾದ ರಾಜ ಎಂಬ ಸುದ್ದಿಗೆ ನನ್ನ ಹೆಂಡತಿ ಮೂಗು ಮುರಿದಳು. ಆದರೆ ರಾತ್ರಿ ಹೊದಿಕೆ ಎಳೆದುಕೊಳ್ಳುತ್ತಾ, ‘ಆ ರಾಜ ಐವತ್ತೊಂದಕ್ಕೇ ರಾಜ್ಯ ಬಿಟ್ಟರಂತೆ, ನೀವು ಅರವತ್ತೈದಾದರೂ ಮಗನ ಹೆಸರಿಗೆ ಖಾತೆ ಮಾಡಿಸಿಲ್ಲ’ ಎಂದಳು. ಉತ್ತರ ಹೊಳೆಯಲಿಲ್ಲ. ಪುನಾಖಾದಲ್ಲಿ ಗಂಡು ಹೊಳೆ, ಹೆಣ್ಣು ಹೊಳೆ ಎಂಬ ಹೆಸರಿನ ಎರಡು ಹೊಳೆಗಳು ಕೂಡುವ ಕಡೆ ಕೋಟೆಯ ನೆರಳಿನಲ್ಲಿ ಕುಳಿತಿದ್ದಾಗ ಕೂಡಲಿಯ ಸಂಗಮ ಕಣ್ಣಮುಂದೆ ಬಂತು. ಜನಕ ಮಹಾರಾಜ ಎಂಬ ಹೋಲಿಕೆಯನ್ನು ಅಲ್ಲಿ ನಾನೂ ಒಪ್ಪುತ್ತಿದ್ದೆ.

ಮರಳುವಾಗ ಗಡಿಯ ಈಚೆ, ಜೈಗಾಂವ್‌ನಲ್ಲಿ, ಬಾಗ್‌ಡೋಗ್ರಾ ವಿಮಾನ ನಿಲ್ದಾಣಕ್ಕೆ ಒಯ್ಯುವ ಕಾರು ಬರುವುದು ಎರಡು ಗಂಟೆ ತಡವಾಯಿತು. ಚಹಾದಂಗಡಿಯವರು ಐವತ್ತು ದಾಟಿದ, ನೇಪಾಳಿ ಮಾತನಾಡುವ ಮನುಷ್ಯ. ಹಿಂದಿಯಲ್ಲಿ ಮಾತಿಗೆ ಮಾತು ಬೆಳೆದು, ನಾನು ಅಡಿಕೆ ಬೆಳೆಗಾರ ಎಂದೆ. ‘ನಮ್ಮ ದೊಡ್ಡಪ್ಪನೂ ಹೌದು, ಸರ್ಪಾಂಗ್‌ನಲ್ಲಿ’ ಎಂದರು. ಸರ್ಪಾಂಗ್ ಭೂತಾನಿನ ತೆಂಕಣ ಜಿಲ್ಲೆ. ಅಲ್ಲಿನ ಅಡಿಕೆ ಬೆಳೆಯುವುದೇ ಸಂತ್ಸೆ, ಸರ್ಪಾಂಗ್‌ನಂಥ ತಗ್ಗಿನ ಜಿಲ್ಲೆಗಳಲ್ಲಿ, ನೇಪಾಳಿ ಮೂಲದವರು ತಲೆಮಾರುಗಳಿಂದ ಇದ್ದ ಸೀಮೆಯಲ್ಲಿ. ಪೌರತ್ವಕ್ಕೆ 1958ರ ಗಡುವು ಹಾಕಿದ 1985ರ ಕಾಯ್ದೆಯ ನಂತರ, 1988ರಲ್ಲಿ ಜನಗಣತಿಯವರು ಬಂದು 1958ರಲ್ಲಿ ಇಲ್ಲಿದ್ದಿರಿ ಎಂಬುದಕ್ಕೆ ಪುರಾವೆ ಕೇಳಿದರಂತೆ. ದೊಡ್ಡಪ್ಪನ ಬಳಿ 1957ರ ಕಂದಾಯದ ರಸೀದಿ ಇತ್ತು, 1959ರದೂ ಇತ್ತು. 1958ರದು ಇರಲಿಲ್ಲ. 1991ರಲ್ಲಿ ತೋಟ ಬಿಟ್ಟರು. ಹದಿನೆಂಟು ವರ್ಷ ನೇಪಾಳದ ಝಾಪಾ ಜಿಲ್ಲೆಯ ಶಿಬಿರದಲ್ಲಿ ಬಿದಿರಿನ ಗುಡಿಸಲು, ಆಮೇಲೆ ಅಮೆರಿಕದ ಕೊಲಂಬಸ್ ನಗರ. ಹೀಗೆ ಹೊರಬಿದ್ದವರು ಒಂದು ಲಕ್ಷಕ್ಕೂ ಮೇಲೆ. ಅವರೆಲ್ಲ ಅಕ್ರಮವಾಗಿ ಬಂದವರು, ಇಲ್ಲವೇ ತಾವಾಗಿ ಹೋದವರು ಎನ್ನುತ್ತದೆ ಅಲ್ಲಿನ ಸರ್ಕಾರ. ಆಗ ಪಟ್ಟದಲ್ಲಿದ್ದದ್ದು ಅದೇ ನಾಲ್ಕನೆಯ ರಾಜ.

ಅಂಗಡಿಯವರು ಮೊಬೈಲ್ ತೆಗೆದು ಚಿತ್ರ ತೋರಿಸಿದರು. ಲ್ಯಾಮಿನೇಟ್ ಮಾಡಿಸಿದ 1957ರ ರಸೀದಿ. ಲಿಪಿ ನನಗೆ ತಿಳಿಯದು. ಆದರೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಅಡ್ಡ ಉದ್ದ ಗೆರೆ, ಮೂಲೆಯಲ್ಲಿ ಹುಳು ತಿಂದ ತೂತು, ಅಂಥ ಕಾಗದ ನನಗೆ ಗೊತ್ತು. ನಮ್ಮ ಮನೆಯ ಟ್ರಂಕಿನಲ್ಲೂ ಒಂದಿದೆ. 1961ರದು, ಕರೂರು ಸೀಮೆಯಲ್ಲಿ ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿರುವ ಜಮೀನಿಗೆ ಅಜ್ಜ ಕಟ್ಟಿದ ಕೊನೆಯ ಕಂದಾಯ. ನಾಡಿಗೆ ಬೆಳಕು ಕೊಡಲು ನಮ್ಮನ್ನು ಲಾರಿಯಲ್ಲಿ ತಂದು ಈ ಕಾಡಿನಲ್ಲಿ ಇಳಿಸಿದ್ದು ಸರ್ಕಾರವೇ. ಎರಡು ಎಕರೆಗೆ ಖಾತೆಯಾಯಿತು, ಉಳಿದದ್ದಕ್ಕೆ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ, 2005ಕ್ಕೆ ಹಿಂದಿನ 75 ವರ್ಷ ಅಲ್ಲೇ ಇದ್ದುದಕ್ಕೆ ದಾಖಲೆ ತನ್ನಿ ಎಂದರು. 1930ರಲ್ಲಿ ನಾವು ನೀರಿನಡಿಯ ಊರಿನಲ್ಲಿದ್ದೆವು, ದಾಖಲೆ ಎಲ್ಲಿಂದ ತರೋಣ?

ಕಾರು ಬಂತು. ಅಂಗಡಿಯವರು ಚಹಾದ ದುಡ್ಡು ಬೇಡವೆಂದರು. ಕೊನೆಗೆ ಕೇಳಿದ್ದು ಒಂದೇ: ‘ಅಡಿಕೆ ಮರ ಎಷ್ಟು ವರ್ಷ ಬಿಡುತ್ತದೆ?’ ಐವತ್ತು ಅರವತ್ತು ವರ್ಷ ಎಂದೆ. ದೊಡ್ಡಪ್ಪ ಸಸಿ ನೆಟ್ಟಿದ್ದು 1975ರಲ್ಲಂತೆ. ಆ 17,000 ಟನ್ನಿನಲ್ಲಿ ಅವರ ಮರಗಳ ಅಡಿಕೆಗೊನೆಯೂ ಸೇರಿರಬಹುದು.

ಜನಕ ಮಹಾರಾಜ ಎಂದು ಬರೆದ ಓದುಗರು ಭೂತಾನಿಗೆ ಖಂಡಿತ ಹೋಗಿಬರಲಿ, ನಾನೂ ಇನ್ನೊಮ್ಮೆ ಹೋಗುವವನೇ. ಆ ರಾಜ ಸಿಂಹಾಸನ ಬಿಟ್ಟದ್ದು ನಿಜ, ಅವರ ಕಾಲದಲ್ಲಿ ಲಕ್ಷ ಜನ ಹೊರಬಿದ್ದದ್ದೂ ನಿಜ, ಎರಡನ್ನೂ ಬರೆಯಬೇಕಿತ್ತು ಎಂಬುದಷ್ಟೇ ನನ್ನ ತಕರಾರು. ನನ್ನ 2022ರ ಪತ್ರವನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ನಮ್ಮ ಅರ್ಜಿಯ ಮೇಲ್ಮನವಿ ಮುಂದಿನ ತಿಂಗಳು ವಿಚಾರಣೆಗೆ ಬರುತ್ತದೆ. ಮೊನ್ನೆ ಸಾಗರಕ್ಕೆ ಹೋದಾಗ ಅಜ್ಜನ ರಸೀದಿಯನ್ನು ಲ್ಯಾಮಿನೇಟ್ ಮಾಡಿಸಿದೆ. ನಲವತ್ತು ರೂಪಾಯಿ ತೆಗೆದುಕೊಂಡರು.

— ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು